ತೂಬಿನ ಗೂಟ

"ಕಾಲ್ ಎತ್ತಮ್ಮಿ ಅತ್ಲಾಗೆ. ಊರ್ ಮ್ಯಾಪಿನ್ ಮ್ಯಾಲೆ ನಿಂತಿದೀಯಲ್ಲ, ಕಣ್ ಕಾಣಾಕಿಲ್ವಾ, ಮುಂಡೆ?"

ತಿಮ್ಮರಾಜು ಹೀಗೆ ಕೂಗಿದ್ದು ಕಲ್ಲುಮಂಟಿಕೊಪ್ಪಲಿನ ಪಂಚಾಯ್ತಿ ಆಫೀಸಿನ ಅಂಗಳದಲ್ಲಿ, ಜಿಲ್ಲೆಯಿಂದ ಬಂದ ಸಾಹೇಬರ ಎದುರಿಗೆ, ಊರಿಗೆ ಊರೇ ನೋಡುತ್ತಿದ್ದಾಗ. ಚಿಕ್ಕಬೋರಮ್ಮ ಕಾಲು ಎತ್ತಿದಳು. ಆ ಅಂಗಳವನ್ನು ಬೆಳಗ್ಗೆ ಐದಕ್ಕೆ ಬಂದು ಗುಡಿಸಿದವಳು ಅವಳೇ. ಎರಡು ಮಂಕರಿ ಸಗಣಿ ಹೊತ್ತು ತಂದು, ಸೊಂಟ ಬಿದ್ದುಹೋಗುವ ಹಾಗೆ ಬಗ್ಗಿ ಸಾರಿಸಿದವಳೂ ಅವಳೇ. ನೆಲ ಒಣಗಿದ ಮೇಲೆ ಊರೊಳಗಿನ ಹೆಂಗಸರು ಬಂದು ಅದರ ಮೇಲೆ ರಂಗೋಲಿ ಪುಡಿಯಲ್ಲಿ ಊರು ಬರೆದಿದ್ದರು. ಹಳದಿ ರಸ್ತೆ, ನೀಲಿ ಕೆರೆ, ಹಸಿರು ಗದ್ದೆ. ಊರಿನ ನಕ್ಷೆಯನ್ನು ಊರವರೇ ಬರೆಯಬೇಕಂತೆ, ಊರಿನ ಯೋಜನೆಯನ್ನು ಊರವರೇ ಮಾಡಬೇಕಂತೆ, ಅದು ತಾಲ್ಲೂಕು, ಜಿಲ್ಲೆ ಹತ್ತಿಕೊಂಡು ಹೋಗಿ ದಿಲ್ಲಿಯ ಯೋಜನೆಯೊಳಗೆ ಕೂಡಿಕೊಳ್ಳಬೇಕಂತೆ. ಹಾಗಂತ ಜಿಲ್ಲೆಯ ಯೋಜನಾಧಿಕಾರಿ ರಘುನಂದನ್ ಮೈಕು ಹಿಡಿದು ಅರ್ಧ ಗಂಟೆ ಹೇಳಿದ್ದ. ಕೇರಿಯ ಜನ ಕಾಂಪೌಂಡಿನ ಆಚೆ ನಿಂತು ಕೇಳಿಸಿಕೊಂಡಿದ್ದರು.

ಪೊರಕೆ ಹಿಡಿದು ಒಳಗೇ ಉಳಿದಿದ್ದ ಚಿಕ್ಕಬೋರಮ್ಮನ ಕಣ್ಣು ಕೆರೆಯ ಕೆಳಗಡೆ ಸಾಲಾಗಿ ಇಟ್ಟಿದ್ದ ಇಪ್ಪತ್ತೆರಡು ಕೆಂಪು ಚುಕ್ಕಿಗಳ ಮೇಲೆ ಕೂತುಬಿಟ್ಟಿತ್ತು. ಅವು ಕೇರಿಯ ಇಪ್ಪತ್ತೆರಡು ಮನೆಗಳು. ಬೆಳ್ಳೂರು ಕ್ರಾಸಿನ ಕಡೆಯಿಂದ ಬರುವ ದೊಡ್ಡ ರಸ್ತೆಗೆ ಈಗಿನ ಕೇರಿ ಅಡ್ಡ ಸಿಕ್ಕಿತ್ತು. ರಸ್ತೆ ದಿಲ್ಲಿಯದು, ಕೇರಿ ಏಳಬೇಕು. ಎದ್ದವರಿಗೆ ದಿಲ್ಲಿಯ ಲೆಕ್ಕದಲ್ಲೇ ಮನೆ ಸಿಗುತ್ತದೆ. ಸಿಗಲಿ, ಯಾರು ಬೇಡ ಅಂದರು? ಆದರೆ ಆ ಚುಕ್ಕಿಗಳನ್ನು ಇಟ್ಟ ಜಾಗ ಯಾವುದು? ಅದು ಕೋಡಿಹಳ್ಳ, ಕೆರೆ ತುಂಬಿ ಹೆಚ್ಚಾದ ನೀರು ಉಕ್ಕಿ ಹರಿದುಹೋಗುವ ದಾರಿ.

"ಸ್ವಾಮಿ, ಅದು ಕೋಡಿಹಳ್ಳ ಕಣ್ ಸ್ವಾಮಿ. ಅಲ್ಲಿ ಮನೆ ಕಟ್ಟುದ್ರೆ ಒಂದೂ ಉಳಿಯಾಕಿಲ್ಲ," ಎಂದಳು.

ರಘುನಂದನ್ ಸಭ್ಯ ಹುಡುಗ. ಹೇಳಮ್ಮ ಅಂದ, ಕೈಯಲ್ಲಿದ್ದ ಟ್ಯಾಬನ್ನು ಸವರಿ ನೋಡಿದ. ಅದರಲ್ಲಿ ಆ ಜಾಗ ಸರ್ಕಾರಿ ಖರಾಬು, ಖಾಲಿ, ಸಮತಟ್ಟು ಎಂದಿತ್ತು. ಹಳ್ಳದ ಗುರುತೇ ಇರಲಿಲ್ಲ.

"ಯಾವ್ ಕೆರೆ ತುಂಬಿತ್ತಮ್ಮಿ ನೀನು ನೋಡ್ದಂಗೆ? ಅದ್ನಾಕ್ ವರ್ಸದಿಂದ ಕುರಿ ಮೇಯ್ತಾವೆ ಅದ್ರೊಳ್ಗೆ," ಎಂದು ತಿಮ್ಮರಾಜು ನಕ್ಕ. ಊರೂ ನಕ್ಕಿತು. ಪಂಚಾಯ್ತಿಯ ಅಧ್ಯಕ್ಷೆ ಅವನ ಹೆಂಡತಿ ಜಯಲಕ್ಷ್ಮಮ್ಮ. ಆಕೆ ನಗಬೇಕೋ ಬೇಡವೋ ತಿಳಿಯದೆ ಗಂಡನ ಮುಖ ನೋಡಿದಳು.

ಚಿಕ್ಕಬೋರಮ್ಮ ಕಾಲಿನ ಹೆಬ್ಬೆರಳನ್ನು ನಕ್ಷೆಯ ಮೇಲೆ ಊರಿ, ಕೆರೆಯ ಕೋಡಿಯಿಂದ ಕೆಂಪು ಚುಕ್ಕಿಗಳ ನಡುವೆ ಒಂದು ಗೆರೆ ಎಳೆದಳು. ಆಮೇಲೆ ಕೆರೆಯ ಏರಿಯ ನಡುಮಧ್ಯದಿಂದ ಇನ್ನೊಂದು. ಅದು ತೂಬಿನ ಕಾಲುವೆ, ಕೆರೆಯ ನೀರನ್ನು ಗದ್ದೆಗೆ ಬಿಡುವ ದಾರಿ. ಆ ಗೆರೆ ಗುಲಾಬಿ ಬಣ್ಣದಲ್ಲಿ ಬರೆದಿದ್ದ ತಿಮ್ಮರಾಜುವಿನ ಬಡಾವಣೆಯನ್ನು ಎರಡು ಪಾಲು ಮಾಡಿತು.

ತಿಮ್ಮರಾಜು ಅವಳ ಕೈಯಿಂದಲೇ ಪೊರಕೆ ಕಿತ್ತುಕೊಂಡು ಎರಡೂ ಗೆರೆಗಳನ್ನು ಗುಡಿಸಿ, ಪೊರಕೆಯನ್ನು ಅವಳ ಮುಖದ ಕಡೆ ಎಸೆದ.

"ಗೇಯೋ ಮುಂಡೇವು ಗೇಯ್ಕೊಂಡಿರ್ಬೇಕು. ಕಾಲಲ್ಲಿ ಮ್ಯಾಪ್ ಬರಿಯಾಕ್ ಬಂದ್ಬುಟ್ಲು."

ಹೆಂಗಸರು ಬಗ್ಗಿ ಅಳಿಸಿದ ಜಾಗಕ್ಕೆ ಮತ್ತೆ ಗುಲಾಬಿ ಪುಡಿ ಉದುರಿಸಿದರು. ರಘುನಂದನ್ ಮೇಲಿನಿಂದ ನಕ್ಷೆಯ ಫೋಟೋ ತೆಗೆದುಕೊಂಡ.

ಚಿಕ್ಕಬೋರಮ್ಮ ಆ ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚುವುದು ಅವಳ ಗಂಡ ಬೋರಯ್ಯನ ಮನೆತನದ ಕೆಲಸ. ಗೌಡರ ಗದ್ದೆಗೆಲ್ಲ ನೀರು ಹಂಚಿದ ಆ ಮನೆತನಕ್ಕೆ ಒಂದು ಗುಂಟೆ ಗದ್ದೆ ಇಲ್ಲ, ಅದು ಬಿಡಿ. ಬೋರಯ್ಯನಿಗೆ ಉಬ್ಬಸ. ನೀರಿನಲ್ಲಿ ಮುಳುಗಿದರೆ ಉಸಿರು ಸಾಲುತ್ತಿರಲಿಲ್ಲ. ಹಾಗಾಗಿ ಅವನು ಏರಿಯ ಮೇಲೆ ಕೂತು ಹೇಳಿಕೊಡುತ್ತಿದ್ದ, ಇವಳು ಸೀರೆ ಕಚ್ಚೆ ಹಾಕಿ ಮುಳುಗುತ್ತಿದ್ದಳು. ತೂಬಿನ ಎರಡು ಕಲ್ಲುಕಂಬಗಳ ಬುಡದಲ್ಲಿ ಒಂದು ಚಪ್ಪಡಿ, ಚಪ್ಪಡಿಯಲ್ಲಿ ತೂತು, ತೂತಿಗೆ ಜಾಲಿಮರದ ಗೂಟ. ಗೂಟ ಎಳೆದರೆ ನೀರು ಹೋಗುತ್ತದೆ, ಬಡಿದರೆ ನಿಲ್ಲುತ್ತದೆ. ಮೇಲಿನಿಂದ ಎತ್ತಲು ಇದ್ದ ಕಬ್ಬಿಣದ ಸರಳನ್ನು ಯಾರೋ ಕಳ್ಳರು ಬೆಳ್ಳೂರಿನ ಗುಜರಿಗೆ ಹಾಕಿ ಎಷ್ಟೋ ವರ್ಷವಾಗಿತ್ತು. ಈಗ ಮುಳುಗಿ ಕೈಯಾಡಿಸಿ ಆ ತೂತನ್ನು ಹುಡುಕಬಲ್ಲವಳು ಊರಿನಲ್ಲಿ ಅವಳೊಬ್ಬಳೇ.

ಬೋರಯ್ಯ ಸತ್ತ, ಕೆರೆ ಬತ್ತಿತು. ಇವಳು ಮಾತ್ರ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹೋಗಿ ತೂಬಿನ ಬಾಯಿಯ ಹೂಳು ತೆಗೆದು, ಗೂಟಕ್ಕೆ ಹೊಸ ಗೋಣಿ ಸುತ್ತಿ, ಜೇಡಿಮಣ್ಣು ಮೆತ್ತಿ ಬರುತ್ತಿದ್ದಳು. ಒಣಕೆರೆಗೆ ಗೂಟ ಬಡಿಯುತ್ತಾಳೆ ಅಂತ ಜನ ಆಡಿಕೊಂಡರು. ಆಡಿಕೊಳ್ಳಲಿ ಅಂತ ಇವಳು ಬಡಿದಳು. ಕೆರೆ ಬತ್ತಿದ ಮೇಲೆ ತಿಮ್ಮರಾಜು ತನ್ನ ಗದ್ದೆಯ ಜೊತೆ ತೂಬಿನ ಕಾಲುವೆಯನ್ನೂ ಮುಚ್ಚಿ, ಅದರ ಮೇಲೆ ಟಾರು ಬಳಿದು, ಕಮಾನು ನಿಲ್ಲಿಸಿ, ಸೈಟುಗಳ ಕಲ್ಲಿಗೆ ಬಣ್ಣ ಹಚ್ಚಿದ್ದ. ಕೇರಿಗೆ ಅಂತ ಮೊದಲು ಗುರುತು ಮಾಡಿದ್ದ ಎತ್ತರದ ಗೋಮಾಳವೂ ಅವನ ಬೇಲಿಯೊಳಗೇ ಸೇರಿತ್ತು. ಅದಕ್ಕೇ ಕೇರಿ ಹಳ್ಳಕ್ಕೆ ಇಳಿದದ್ದು.

ಒಂದು ಕಟ್ಟಳೆ ಮಾತ್ರ ಆ ಊರಿನಲ್ಲಿ ಉಳಿದಿತ್ತು. ಕೆರೆ ತುಂಬಿದೆ ಅಂತ ಹೇಳಬೇಕಾದವನು ನೀರುಗಂಟಿ. ಅವನು ನೀರಿಗಿಳಿದು, ಕೋಡಿಯ ಕಲ್ಲು ಮುಟ್ಟಿ, ಕೆರೆ ತುಂಬೈತೆ ಗೌಡ್ರೆ ಅಂತ ಮೂರು ಸಲ ಕೂಗಬೇಕು. ಕೂಗುವತನಕ ಗೌಡರ ಮನೆ ಹೆಂಗಸರು ಬಾಗಿನ ಬಿಡುವಂತಿಲ್ಲ.

ಈ ವರ್ಷ ಕೆರೆ ತುಂಬುತ್ತದೆ ಅಂತ ಗೊತ್ತಾದದ್ದು ಮಳೆಯಿಂದಲ್ಲ, ಪೈಪಿನಿಂದ. ರಾಜ್ಯ ಸರ್ಕಾರದವರು ಹೇಮಾವತಿ ನೀರನ್ನು ಪಂಪು ಮಾಡಿ ಕೆರೆಗಳಿಗೆ ತುಂಬಿಸುವ ಯೋಜನೆಯಲ್ಲಿ ಈ ಕೆರೆಯನ್ನೂ ಸೇರಿಸಿದ್ದರು. ಆಳುದ್ದದ ಪೈಪುಗಳು ಹೊಣಕೆರೆ ರಸ್ತೆಯಲ್ಲಿ ಸಾಲುಗಟ್ಟಿದ ದಿನವೇ ಚಿಕ್ಕಬೋರಮ್ಮ ಪಕ್ಕದ ಊರಿನ ಮೇಷ್ಟರ ಕೈಲಿ ಒಂದು ಅರ್ಜಿ ಬರೆಸಿಕೊಂಡು ನಾಗಮಂಗಲದ ಬಸ್ಸು ಹತ್ತಿದಳು. ಅಲ್ಲಿ ಸಮನ್ವಯ ಸಭೆ ನಡೆಯುತ್ತಿತ್ತು. ಸಮನ್ವಯ ಅಂದರೆ ಏನು ಅಂತ ಬಾಗಿಲಲ್ಲಿದ್ದ ಜವಾನನನ್ನು ಕೇಳಿದಳು. ಎಲ್ಲ ಇಲಾಖೆಯವರು ಒಟ್ಟಿಗೆ ಕೂತು ತಿಂಡಿ ತಿನ್ನೋದು ಅಂದ.

ಎರಡು ಗಂಟೆ ಬಾಗಿಲಲ್ಲಿ ನಿಂತ ಮೇಲೆ ರಘುನಂದನ್ ಗುರುತು ಹಿಡಿದು ಒಳಗೆ ಕರೆದ. ಕುರ್ಚಿ ಖಾಲಿ ಇದ್ದವು, ಕೂರು ಅಂತ ಯಾರೂ ಅನ್ನಲಿಲ್ಲ. ಅವಳು ಹೇಳಿದ್ದು ಒಂದೇ ಮಾತು: ನೀವೇ ನೀರು ತುಂಬಿಸ್ತೀರಿ, ನೀವೇ ಆ ನೀರಿನ ದಾರೀಲಿ ಮನೆ ಕಟ್ಟಿಸ್ತೀರಿ, ಇದು ಹೆಂಗೆ? ನೀರಿನ ಇಂಜಿನಿಯರು, ತಮ್ಮದು ಕೋಡಿ ಬೀಳುವತನಕ ತುಂಬಿಸುವ ಕೆಲಸ, ಕೋಡಿಯ ಕೆಳಗೆ ಏನಿದೆ ಅನ್ನುವುದು ತಮಗೆ ಸಂಬಂಧಿಸಿದ್ದಲ್ಲ ಅಂದ. ಮನೆಯ ಇಲಾಖೆಯವನು, ಜಾಗ ಕೊಟ್ಟದ್ದು ಕಂದಾಯದವರು ಅಂದ. ಕಂದಾಯದವನು ಪಂಚಾಯ್ತಿಯ ಠರಾವನ್ನು ಎತ್ತಿ ತೋರಿಸಿದ. ಹೆಂಡತಿಯ ಕುರ್ಚಿಯಲ್ಲಿ ಕೂತಿದ್ದ ತಿಮ್ಮರಾಜು, ಮನೆಗಳ ಗುರಿ ಬಂದದ್ದು ದಿಲ್ಲಿಯಿಂದ, ಈ ವರ್ಷ ಮುಗಿಸದಿದ್ದರೆ ವಾಪಸು ಹೋಗುತ್ತದೆ ಅಂದ. ರಸ್ತೆಯವನಿಗೆ ಕೇರಿ ತಿಂಗಳೊಳಗೆ ತೆರವಾದರೆ ಸಾಕಿತ್ತು. ಒಂದು ಸುತ್ತು ಮುಗಿದು ಮಾತು ಅವಳ ಹತ್ತಿರಕ್ಕೇ ಬಂತು.

ನೀವು ಯಾವ ಹುದ್ದೆಯಲ್ಲಿದ್ದೀರಿ ಅಂತ ಇಂಜಿನಿಯರು ಕೇಳಿದ. ನೀರುಗಂಟಿ ಅಂದಳು. ಅಂಥ ಹುದ್ದೆ ಇಲ್ಲ ಅಂದ.

"ಓಗ್ಲಿ ಸ್ವಾಮಿ, ನಾನ್ ಇಲ್ಲ ಅನ್ಕಳಿ. ತೂಬು ಐತಲ್ಲ, ಅದು ಯಾವ್ ಇಲಾಖೇದು? ಅವ್ರಿಗಾರ ಒಂದ್ ಅರ್ಜಿ ಕೊಟ್ಟೋಯ್ತೀನಿ."

ಇಂಜಿನಿಯರು ಕಂದಾಯದವನ ಮುಖ ನೋಡಿದ, ಕಂದಾಯದವನು ಪಂಚಾಯ್ತಿಯ ಕಡೆ ನೋಡಿದ. ಕೆರೆ ಆ ಇಲಾಖೆಯಿಂದ ಈ ಇಲಾಖೆಗೆ ಮೂರು ಸಲ ಕೈ ಬದಲಾಗಿ, ತೂಬು ಎಲ್ಲೋ ನಡುವೆ ಕಳೆದುಹೋಗಿತ್ತು. ಬರೆದು ತಿಳಿಸುತ್ತೇವೆ ಅಂತ ರಘುನಂದನ್ ಅರ್ಜಿ ಇಸಿದುಕೊಂಡ. ಅವಳು ತಿರುಗುವಷ್ಟರಲ್ಲಿ ತಿಮ್ಮರಾಜು, ಬಂದದ್ದು ಬಂದಿದ್ದೀಯ, ಟೇಬಲ್ಲಿನ ಮೇಲಿರುವ ಟೀ ಲೋಟ ಎಲ್ಲ ಎತ್ತಿ ಆಚೆ ಹಾಕಿಕೊಂಡು ಹೋಗು ಅಂದ. ಅವಳು ಕೈ ಕಟ್ಟಿ ನಿಂತಳು. ಅವನು ಎರಡನೇ ಸಲ ಹೇಳಿದ. ಅವಳು ಒಂದು ಲೋಟ ಎತ್ತಿ, ತಳದಲ್ಲಿ ಉಳಿದಿದ್ದ ಟೀಯನ್ನು ಅವನ ಮುಂದಿದ್ದ ಕಾಗದದ ಮೇಲೆ ಸುರಿದು, ಖಾಲಿ ಲೋಟ ತೆಗೆದುಕೊಂಡು ಹೊರಗೆ ಹೋದಳು.

ಅದರ ಫಲ ಕೇರಿ ಉಂಡಿತು. ಹದಿನೈದು ದಿನ ಟೈಮಿದೆ ಅಂದಿದ್ದವರು ಮೂರನೇ ದಿನಕ್ಕೇ ಜೆಸಿಬಿ ತಂದರು. ಇಪ್ಪತ್ತೆರಡು ಮನೆ ಮಧ್ಯಾಹ್ನದ ಊಟದ ಹೊತ್ತಿಗೆ ಮಣ್ಣಾದವು. ಒಲೆಯ ಮೇಲಿನ ಮುದ್ದೆಯ ಪಾತ್ರೆ ಇಳಿಸಿಕೊಳ್ಳುವುದಕ್ಕೂ ಬಿಡಲಿಲ್ಲ. ಜನ ತಗಡು, ಶೀಟು ಹೊತ್ತುಕೊಂಡು ಹೋಗಿ ಕೋಡಿಹಳ್ಳದಲ್ಲಿ ಅರ್ಧ ಎದ್ದಿದ್ದ ಹೊಸ ಗೋಡೆಗಳ ಮೇಲೆ ಹೊದಿಸಿಕೊಂಡರು.

ಕೇರಿಯ ಯಜಮಾನ ಚೌಡಯ್ಯ ಬೋರಯ್ಯನ ಅಣ್ಣನ ಮಗ, ಚಿಕ್ಕಬೋರಮ್ಮನ ಓರಗೆಯವನು. ಅವನು ಎಲ್ಲರ ಮುಂದೆ ಅವಳನ್ನು ತಡೆದು ನಿಲ್ಲಿಸಿದ.

"ನಿನ್ ಬಾಯಿಂದ್ಲೇ ಇದೆಲ್ಲ ಆಗಿದ್ದು, ಚಿಕ್ಕವ್ವ. ಮೂರ್ ತಲೆಮಾರಿಗೆ ಇವತ್ತು ಒಂದ್ ಸಿಮೆಂಟ್ ಗೋಡೆ ಕಂಡಿದೀವಿ. ಅದೂ ಓಗ್ಲಿ ಅಂತಾನಾ? ಬಾಯ್ ಮುಚ್ಕೊಂಡಿರು."

"ನೀರ್ ಬತ್ತದೆ ಕಣ್ಲಾ ಚೌಡ."

"ಬಂದಾಗ ನೋಡ್ಕಳಮ. ಬರ್ದೇ ಇದ್ರೆ ನಿನ್ ತೂಬ್‌ನೆ ಹೊದ್ಕೊಂಡ್ ಮನಿಕೊ."

ಯಾರೂ ಅವಳ ಪರ ಮಾತಾಡಲಿಲ್ಲ. ಅವಳಿಗೆ ತಿಮ್ಮರಾಜು ಪೊರಕೆ ಎಸೆದಾಗ ಬರದಿದ್ದ ಅಳು ಆವತ್ತು ಬಂತು. ತನ್ನ ಪಾಲಿನ ಗೋಡೆಯ ಮರೆಗೆ ಹೋಗಿ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಪಕ್ಕದಲ್ಲಿ ಅವಳ ಮಗಳು ಯಶೋಧ ತುಂಬಿದ ಬಸುರಿ, ಹೆರಿಗೆಗೆ ತವರಿಗೆ ಬಂದವಳು. ಹೆರಿಗೆಗೆ ಇರುವ ತವರು ಇದೇ, ಹಳ್ಳದೊಳಗಿನ ಮೂರು ಗೋಡೆ.

ಪಂಪು ಶುರುವಾಯಿತು. ಹಗಲೂ ರಾತ್ರಿ ಪೈಪಿನ ಬಾಯಿ ಸುರಿಯಿತು. ಅದರ ಮೇಲೆ ಹಿಂಗಾರು ಎರಡು ವಾರ ಬಿಡದೆ ಹೊಡೆಯಿತು. ಕುರಿ ಮೇಯುತ್ತಿದ್ದ ಜಾಗದಲ್ಲಿ ಮೊದಲು ಕೊಕ್ಕರೆ ಬಂದವು, ಆಮೇಲೆ ಕೊಕ್ಕರೆಗೂ ಕಾಲು ಸಿಗದಷ್ಟು ನೀರು ನಿಂತಿತು. ಯಶೋಧ ಗಂಡುಮಗು ಹೆತ್ತಳು. ಮಗುವಿಗೆ ಏಳು ದಿನ ತುಂಬಿದ ಬೆಳಗ್ಗೆ ಚಿಕ್ಕಬೋರಮ್ಮ ಕೋಡಿಯ ಕಲ್ಲಿನ ಹತ್ತಿರ ಹೋಗಿ ನೋಡಿದರೆ ನೀರಿಗೂ ಕಲ್ಲಿನ ತಲೆಗೂ ನಾಲ್ಕು ಬೆರಳು ಉಳಿದಿತ್ತು.

ಊರಿನಲ್ಲಿ ಬಾಗಿನದ ಸಂಭ್ರಮ. ದೊಡ್ಡ ಸಾಹೇಬರು ಬರುತ್ತಾರೆ, ಅವರ ಎದುರಿಗೇ ಕೋಡಿ ಬೀಳಬೇಕು, ಆ ಫೋಟೋ ದಿಲ್ಲಿಯತನಕ ಹೋಗಬೇಕು. ಮಾರನೆಯ ದಿನ ಹನ್ನೊಂದೂವರೆಗೆ ಬೀಳುತ್ತದೆ ಅಂತ ಇಂಜಿನಿಯರು ಲೆಕ್ಕ ಹಾಕಿ ಹೇಳಿದ್ದ. ಅವಳು ತಿಮ್ಮರಾಜುವಿನ ಮನೆಯ ಜಗುಲಿಯ ಕೆಳಗೆ ನಿಂತು, ಪಂಪು ನಿಲ್ಲಿಸಿ ಗೌಡ್ರೆ, ಇಲ್ಲವಾದರೆ ಶಾಲೆಯ ಬೀಗವಾದರೂ ಕೊಡಿ, ಮಕ್ಕಳುಮರಿ ಅಲ್ಲಿರಲಿ ಅಂದಳು.

"ಶಾಲೇಲಿ ನಾಳೆ ಸಾಹೇಬ್ರಿಗೆ ಊಟ ಮಡಗೀವ್ನಿ. ಅಲ್ಲಿ ಬಾಣಂತಿ ತಂದ್ ಕೆಡುಗ್ತೀಯಾ, ಸೂತಕ ತಕ್ಕೊಂಡು? ಒಂದೀಟ್ ನೀರ್ ಓದ್ರೆ ಓಯ್ತದೆ, ನೀವೇನ್ ಕರಗೋಗೀರಾ?" ಅಂದವನು, ಒಳಗಿನಿಂದ ಒಂದು ಹೊಸ ಸೀರೆ ತರಿಸಿ ಜಗುಲಿಯಿಂದ ಕೆಳಕ್ಕೆ ಎಸೆದ. ನಾಳೆ ಅದನ್ನು ಉಟ್ಟು ಬರಬೇಕು, ನೀರಿಗಿಳಿದು ಮೂರು ಸಲ ಕೂಗಬೇಕು, ಟಿವಿಯವರು ಬರುತ್ತಾರೆ, ಹಳೆಯ ಕಟ್ಟಳೆಯೆಲ್ಲ ಅವರಿಗೆ ಇಷ್ಟ ಅಂದ.

ಅವಳು ಸೀರೆ ಎತ್ತಿಕೊಂಡು ಬಂದಳು. ಅದೇ ಮಧ್ಯಾಹ್ನ ಹಾರೆ, ಹಗ್ಗ ಹಿಡಿದು ಏರಿ ಇಳಿದು ತೂಬಿನ ಕಂಬದ ಹತ್ತಿರ ಈಜಿದಳು. ನಾಲ್ಕು ಸಲ ಮುಳುಗಿ ಗೂಟದ ತಲೆಯಲ್ಲಿದ್ದ ಕಿವಿಗೆ ಹಗ್ಗ ಬಿಗಿದು, ಹಾರೆಯಿಂದ ಸುತ್ತಲಿನ ಜೇಡಿಮಣ್ಣು ಕೆರೆದಳು. ವಯಸ್ಸು ಐವತ್ತೆಂಟು. ಮೇಲೆ ಬಂದಾಗ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಹಗ್ಗದ ಇನ್ನೊಂದು ತುದಿಯನ್ನು ಏರಿಯ ಕಲ್ಲುಸಂದಿಯಲ್ಲಿ ಸಿಕ್ಕಿಸಿ, ಮೇಲೆ ಹುಲ್ಲು ಮುಚ್ಚಿದಳು.

ಬಾಗಿನದ ದಿನ ಏರಿಯ ಮೇಲೆ ಶಾಮಿಯಾನ, ವಾದ್ಯ, ಕ್ಯಾಮೆರಾ. ಜಯಲಕ್ಷ್ಮಮ್ಮ ಮತ್ತು ಇನ್ನೂ ಎಂಟು ಮಂದಿ ಹೆಂಗಸರು ಮೊರದ ಬಾಗಿನ ಹಿಡಿದು ನಿಂತಿದ್ದರು. ರಂಗೋಲಿಯ ಆ ನಕ್ಷೆಯನ್ನೇ ದೊಡ್ಡದು ಮಾಡಿ ಫ್ಲೆಕ್ಸ್ ಹಾಕಿಸಿ ಕಟ್ಟಿದ್ದರು. ಅದರ ಮೇಲೆ, ಊರಿನಿಂದ ದಿಲ್ಲಿಯವರೆಗೆ ಒಂದೇ ಯೋಜನೆ ಅಂತ ಬರೆದಿತ್ತು. ನೀರು ಕೋಡಿಕಲ್ಲಿನ ತಲೆಗೆ ಒಂದು ಬೆರಳು ಕಡಿಮೆ.

ಕೇರಿಯ ಜನರನ್ನು ಏರಿಯ ಕೊನೆಯಲ್ಲಿ, ಶಾಮಿಯಾನದ ಹಗ್ಗದ ಆಚೆ ನಿಲ್ಲಿಸಿದ್ದರು. ಚೌಡಯ್ಯ ಅಲ್ಲಿಂದ ಅವಳ ಹತ್ತಿರಕ್ಕೆ ಬಂದ. ಅವನ ಪಂಚೆಯ ಅಂಚು ಕೆಸರಾಗಿತ್ತು. ಮನೆಯ ನೆಲದಲ್ಲಿ ಬೆಳಗ್ಗೆಯಿಂದ ನೀರು ಒಸರುತ್ತಿದೆ, ಒಲೆಗುಂಡಿ ತುಂಬಿಕೊಂಡಿದೆ ಅಂತ ಮೆಲ್ಲಗೆ ಹೇಳಿದ.

"ಆ ಹುಲ್ಲಿನ್ ಕೆಳ್ಗೆ ಹಗ್ಗ ಐತೆ," ಅಂದಳು ಚಿಕ್ಕಬೋರಮ್ಮ. "ನಾನ್ ಕೈ ಎತ್ತಿದ್ ತಕ್ಷಣ ಎಳಿ. ನಮ್ಮೋರ್ನೂ ಕರ್ಕೊ."

ಚೌಡಯ್ಯ ಹುಲ್ಲಿನ ಕಡೆ ನೋಡಿದ, ಕೆಳಗೆ ಹಳ್ಳದಲ್ಲಿದ್ದ ಇಪ್ಪತ್ತೆರಡು ತಗಡುಗಳ ಕಡೆ ನೋಡಿದ. ತಲೆಯಾಡಿಸಿ ಹಿಂದಕ್ಕೆ ಹೋದ.

ಅವಳು ಹೊಸ ಸೀರೆಯಲ್ಲಿ ನೀರಿಗಿಳಿದಳು. ವಾದ್ಯ ನಿಂತಿತು. ಟಿವಿಯವರು ಕ್ಯಾಮೆರಾ ತಿರುಗಿಸಿದರು. ಅವಳು ಕೋಡಿಕಲ್ಲಿನ ಕಡೆ ಹೋಗಬೇಕಿತ್ತು. ತೂಬಿನ ಕಂಬಗಳ ಕಡೆ ಈಜಿದಳು. ಅತ್ಲಾಗಲ್ಲ ಕಣಮ್ಮಿ, ಇತ್ಲಾಗೆ ಅಂತ ತಿಮ್ಮರಾಜು ನಗುತ್ತಲೇ ಕೂಗಿದ. ಅವಳು ಕಂಬವನ್ನು ತಬ್ಬಿ, ಮೂರು ಸಲ ಉಸಿರೆಳೆದುಕೊಂಡು ಮುಳುಗಿದಳು. ಕೈಗೆ ಗೂಟ ಸಿಕ್ಕಿತು. ಕಂಬದ ಸಂದಿಯಲ್ಲಿ ಬಿಟ್ಟುಹೋಗಿದ್ದ ಹಾರೆಯನ್ನು ಗೂಟದ ಕೆಳಗೆ ತೂರಿಸಿ ಮೀಟಿದಳು. ಎದ್ದು ಕೈ ಎತ್ತಿದಳು.

ಹಗ್ಗ ಬಿಗಿಯಾಯಿತು. ಒಬ್ಬನಲ್ಲ, ಕೇರಿಯ ಗಂಡಸರು ಹೆಂಗಸರು ಹದಿನೈದು ಜನ ಹಗ್ಗಕ್ಕೆ ಬಿದ್ದಿದ್ದರು. ನೆಲದೊಳಗಿನಿಂದ ಬುಡುಕ್ಕೆಂದು ಒಂದು ಸದ್ದು ಬಂತು, ಗೂಟ ಕಿತ್ತುಕೊಂಡು ಬಂತು. ಅವಳು ನೀರಿನ ಎಳೆತಕ್ಕೆ ಸಿಕ್ಕದಂತೆ ಹಗ್ಗವನ್ನೇ ಹಿಡಿದು ದಡಕ್ಕೆ ಬಂದಳು. ಏರಿಯ ಕೆಳಗೆ ಹದಿನಾಲ್ಕು ವರ್ಷ ಒಣಗಿದ್ದ ತೂಬಿನ ಬಾಯಿ ಮೊದಲು ಕೆಸರು ಕಕ್ಕಿತು, ಆಮೇಲೆ ನೀರು. ನೀರು ತನ್ನ ಹಳೆಯ ಕಾಲುವೆಯ ಜಾಡು ಹಿಡಿದು ನೇರ ಕಮಾನಿನ ಕೆಳಗೆ ನುಗ್ಗಿ ಟಾರನ್ನು ಎಬ್ಬಿಸಿತು. ಬಣ್ಣ ಬಳಿದ ಸೈಟಿನ ಕಲ್ಲುಗಳು ಒಂದೊಂದಾಗಿ ಮಗುಚಿಕೊಂಡವು.

ತಿಮ್ಮರಾಜು ಏರಿಯ ಮೇಲೆ ಓಡಿಬಂದ. "ಮುಚ್ಚೇ ಲೌಡಿ, ಮುಚ್ಚೇ ಅದ್ನ. ಯಾವ್ ಬೋಳಿಮಗ ಆರ್ಡರ್ ಕೊಟ್ಟ ನಿಂಗೆ?" ಎನ್ನುತ್ತ ಅವಳ ಜುಟ್ಟಿಗೆ ಕೈ ಹಾಕಿದ. ಚೌಡಯ್ಯ ನಡುವೆ ಬಂದು ಆ ಕೈಯನ್ನು ಹಿಡಿದುಕೊಂಡ. ಹಿಡಿದವನು ಬಿಡಲಿಲ್ಲ. ಹಿಂದೆ ಹದಿನೈದು ಜನ ನಿಂತಿದ್ದರು. ತಿಮ್ಮರಾಜು ಸುತ್ತ ನೋಡಿ, ಯಾರಾದರೂ ಇಳಿದು ಮುಚ್ಚಿ ಅಂತ ಊರವರಿಗೆ ಕೂಗಿದ. ಯಾರಿಗೆ ಗೊತ್ತು ಆ ತೂತು ಎಲ್ಲಿದೆ ಅಂತ?

ಇಂಜಿನಿಯರು ಫೋನು ಕಿವಿಗಿಟ್ಟುಕೊಂಡ. ಇಷ್ಟು ದಿನ ಯಾವ ಇಲಾಖೆಗೂ ನಿಲ್ಲಿಸಲಾಗದ ಪಂಪು ಎರಡು ನಿಮಿಷಕ್ಕೆ ನಿಂತುಹೋಯಿತು.

ರಘುನಂದನ್ ಅವಳ ಹತ್ತಿರ ಬಂದು, ಅಮ್ಮ ದಯವಿಟ್ಟು ಮುಚ್ಚಿ, ಆಮೇಲೆ ಕೂತು ಮಾತಾಡೋಣ ಅಂದ. ಚಿಕ್ಕಬೋರಮ್ಮ ಏರಿಯ ಕಲ್ಲಿನ ಮೇಲೆ ಕೂತು, ಗೂಟವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಸೀರೆಯ ನೀರು ಹಿಂಡುತ್ತಿದ್ದಳು.

"ತೂಬು ಯಾವ್ ಇಲಾಖೇದು ಅಂತ ಬರ್ದು ತಿಳಿಸ್ತೀನಿ ಅಂದಿದ್ರಲ್ಲ ಸ್ವಾಮಿ. ಆ ಕಾಗದ ತನ್ನಿ. ಮುಚ್ತೀನಿ."

ಬಾಗಿನದ ಮೊರಗಳನ್ನು ಹೆಂಗಸರು ನೆಲದ ಮೇಲಿಟ್ಟರು. ಏರಿಯ ಆ ತುದಿಯಲ್ಲಿ ಪೊಲೀಸರ ಜೀಪು ನಿಂತಿತು, ನಾಲ್ವರು ಇಳಿದು ಇತ್ತ ನಡೆಯತೊಡಗಿದರು. ಚೌಡಯ್ಯ, ಪೋಲೀಸ್ನೋರ್ ಬತ್ತಾವ್ರೆ ಚಿಕ್ಕವ್ವ ಅಂದ. ಅವಳು ಆ ಕಡೆ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಕೋಡಿಯ ಕಲ್ಲನ್ನು. ನೀರು ಇಳಿದ ಒದ್ದೆ ಗುರುತು ಅದರ ಮೇಲೆ ಒಂದು ಬೆರಳಗಲ ಕಾಣುತ್ತಿತ್ತು. ಕೆಳಗೆ ಹಳ್ಳದಿಂದ ಯಶೋಧಳ ಮಗು ಅಳುವುದು ಕೇಳಿಸಿತು. ಇನ್ನೂ ಒಂದು ಗೇಣು ಇಳಿಯಬೇಕು ಅಂದುಕೊಂಡು ಅವಳು ಗೂಟವನ್ನು ಸೆರಗಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.